ಸಾರು ಸರಿ, ಸಾರಾಂಶ ತಪ್ಪು

ನಮ್ಮ ಸಿನಿಮಾ ಮಂದಿ ಸಂದರ್ಶನಗಳಲ್ಲಿ ತಪ್ಪದೆ ಹೇಳುವ ಮಾತೊಂದಿದೆ: "ಇಂಡಸ್ಟ್ರಿಯಲ್ಲಿ ನನಗೆ ಗಾಡ್‌ಫಾದರ್ ಅಂತ ಯಾರೂ ಇಲ್ಲ." ರಾಜಕೀಯ ವರದಿಗಳಲ್ಲೂ ಅಷ್ಟೇ, ಟಿಕೆಟ್ ಗಿಟ್ಟಿಸಿಕೊಂಡವನಿಗೆ ದೆಹಲಿಯಲ್ಲೊಬ್ಬ ಗಾಡ್‌ಫಾದರ್ ಇದ್ದೇ ಇರುತ್ತಾನೆ. ಕ್ರೈಸ್ತರ ಮನೆಯಲ್ಲಿ ಮಗುವಿನ ದೀಕ್ಷಾಸ್ನಾನಕ್ಕೆ ನಿಂತು ಹೊಣೆ ಹೊರುವ ಹಿರಿಯನ ಹೆಸರು ಅದು. ಅದಕ್ಕೆ ಕತ್ತಲ ಕೋಣೆ, ಗೊಗ್ಗರು ದನಿ, ತೊಡೆಯ ಮೇಲಿನ ಬೆಕ್ಕು ಎಲ್ಲ ಅಂಟಿಕೊಂಡಿದ್ದು ಮಾರಿಯೊ ಪೂಜೊ 1969ರಲ್ಲಿ ಬರೆದ ಕಾದಂಬರಿ ಮತ್ತು 1972ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಮಾಡಿದ ಸಿನಿಮಾದ ದೆಸೆಯಿಂದ. ನ್ಯೂಯಾರ್ಕನ್ನು ಕನಸಲ್ಲೂ ಕಾಣದವರ ಬಾಯಿಗೂ ಬಂದು ಕೂತಿರುವ ಈ ಚಿತ್ರ ಎಷ್ಟು ಸಾಚಾ? ಅಮೆರಿಕದ ಇಟಾಲಿಯನ್ನರು ತೆರೆಯ ಮೇಲೆ ಕಾಣುವ ಹಾಗೇ ಇದ್ದರೇ, ಇದ್ದಾರೆಯೇ?

ಈ ಸಿನಿಮಾಗಳನ್ನು ಮತ್ತೆ ಮತ್ತೆ ನೋಡಿದವರಿಗೆ ಒಂದು ಸಂಗತಿ ಕಾಡದೆ ಬಿಡುವುದಿಲ್ಲ. ಸಣ್ಣ ಸಣ್ಣ ವಿಷಯಗಳಲ್ಲಿ ಇವು ಅಪ್ಪಟ. ಬೆಳ್ಳುಳ್ಳಿ ಹೇಗೆ ಕೊಯ್ಯಬೇಕು, ಮದುವೆಯಲ್ಲಿ ದುಡ್ಡು ಎಲ್ಲಿ ಇಟ್ಟುಕೊಳ್ಳುತ್ತಾರೆ, ಮೊಟ್ಸರೆಲ್ಲಾ ಚೀಸಿಗೆ ಆಡುಮಾತಿನಲ್ಲಿ ಏನನ್ನುತ್ತಾರೆ, ಎಲ್ಲ ಕರಾರುವಾಕ್ಕು. ಎಡವುವುದು ದೊಡ್ಡ ವಿಷಯದಲ್ಲಿ: ಈ ಜನ ಯಾರು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂಬಲ್ಲಿ. ಸಣ್ಣದು ಅಷ್ಟು ಸರಿಯಿರುವುದರಿಂದಲೇ ದೊಡ್ಡ ತಪ್ಪನ್ನು ಜನ ನಂಬಿಬಿಟ್ಟರು.

ಮೂರು ಈರುಳ್ಳಿ ಜಾಸ್ತಿಯಾಯಿತು

ಮಾರ್ಟಿನ್ ಸ್ಕಾರ್ಸೆಸಿಯ 'ಗುಡ್‌ಫೆಲಾಸ್' (1990) ನೋಡಿದವರಿಗೆ ಯಾರು ಯಾರನ್ನು ಕೊಂದರೆಂಬುದು ಮರೆತರೂ ಜೈಲಿನ ಅಡುಗೆ ಮರೆಯುವುದಿಲ್ಲ. ಗ್ಯಾಂಗಿನ ಯಜಮಾನ ಪೌಲಿ ಕ್ಷೌರದ ಬ್ಲೇಡು ಹಿಡಿದು ಬೆಳ್ಳುಳ್ಳಿಯನ್ನು ಆಚೆ ಬದಿ ಕಾಣುವಷ್ಟು ತೆಳ್ಳಗೆ ಕೊಯ್ಯುತ್ತಾನೆ. ತುಸು ಎಣ್ಣೆಗೆ ಹಾಕಿದರೆ ಬಾಣಲೆಯಲ್ಲೇ ಕರಗಿಹೋಗುತ್ತದೆ ಎಂದು ಹಿನ್ನೆಲೆಯ ದನಿ ಮೆಚ್ಚಿಕೊಳ್ಳುತ್ತದೆ. ವಿನ್ನಿಗೆ ಸಾಸ್ ಉಸ್ತುವಾರಿ. ಈರುಳ್ಳಿ ಹೆಚ್ಚು ಹಾಕಬೇಡ ಅನ್ನುತ್ತಾನೆ ಪೌಲಿ. ಮೂರೇ ಮೂರು, ಅದೂ ಸಣ್ಣವು, ಅನ್ನುತ್ತಾನೆ ವಿನ್ನಿ. ಟೊಮೆಟೊ ಎಷ್ಟು ಡಬ್ಬಿ? ಎರಡು ದೊಡ್ಡ ಡಬ್ಬಿ. ಹಾಗಾದರೆ ಮೂರು ಈರುಳ್ಳಿ ಬೇಕಾಗಿಲ್ಲ!

ಪೌಲಿ ಹೇಳಿದ್ದು ಸರಿ. ಅಮೆರಿಕದ ಅಡುಗೆಮನೆಯ ದೊಡ್ಡ ಡಬ್ಬಿ ಎಂದರೆ 28 ಔನ್ಸಿನದು, 794 ಗ್ರಾಂ. ಎರಡು ಡಬ್ಬಿಗೆ ಒಂದೂವರೆ ಕೆ.ಜಿ.ಗಿಂತ ತುಸು ಹೆಚ್ಚು. ಅಷ್ಟಕ್ಕೆ ಮಧ್ಯಮ ಗಾತ್ರದ ಒಂದು ಈರುಳ್ಳಿ ಸಾಕು. ಮೂರು ಹಾಕಿದರೆ ಸಾಸ್ ಸಿಹಿಯಾಗುತ್ತದೆ, ಟೊಮೆಟೊದ ಹುಳಿ ಸಪ್ಪೆಯಾಗುತ್ತದೆ, ನಾಲಗೆಗೆ ಈರುಳ್ಳಿಯ ಎಳೆಗಳು ಸಿಗುತ್ತವೆ. ಬೆಳ್ಳುಳ್ಳಿಯ ವಿಷಯದಲ್ಲಿ ಮಾತ್ರ ಸಿನಿಮಾ ಸ್ವಲ್ಪ ಉಪ್ಪುಕಾರ ಹಚ್ಚಿದೆ. ಅಷ್ಟು ತೆಳು ಎಸಳು ಬಿಸಿ ಎಣ್ಣೆಗೆ ಬಿದ್ದರೆ ಕರಗುವುದಿಲ್ಲ; ನೀರಂಶ ಆರಿ ಒಂದು ನಿಮಿಷದೊಳಗೆ ಕೆಂಪಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕಹಿಯಾಗುತ್ತದೆ. ಬಲ್ಲವರು ಎಣ್ಣೆ ತಣ್ಣಗಿರುವಾಗಲೇ ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿಡುತ್ತಾರೆ. ಘಮ ಬಂದು ಅಂಚು ಬಣ್ಣ ತಿರುಗುವ ಹೊತ್ತಿಗೆ ಟೊಮೆಟೊ ಸುರಿಯುತ್ತಾರೆ. ಟೊಮೆಟೊ ನೀರಿಗೆ ಎಣ್ಣೆಯ ಕಾವು ಇಳಿಯುತ್ತದೆ, ಆಮೇಲಿನ ಅರ್ಧ ಗಂಟೆಯ ಕುದಿಯಲ್ಲಿ ಎಸಳು ಕಾಣದಂತಾಗುತ್ತದೆ. ಅಂದರೆ ಅದು ಕರಗುವುದು ಎಣ್ಣೆಯಲ್ಲಲ್ಲ, ಟೊಮೆಟೊದಲ್ಲಿ. ಬ್ಲೇಡಿನ ಉಪಚಾರಕ್ಕೂ ಅರ್ಥವಿದೆ ಅನ್ನಿ: ಜಜ್ಜಿದ ಬೆಳ್ಳುಳ್ಳಿಗಿಂತ ಕೊಯ್ದ ಬೆಳ್ಳುಳ್ಳಿಯ ಘಾಟು ಕಡಿಮೆ.

'ದಿ ಗಾಡ್‌ಫಾದರ್'ನಲ್ಲೂ ಇಂಥದೇ ಒಂದು ಪಾಠವಿದೆ. ಮುಂದೊಂದು ದಿನ ಇಪ್ಪತ್ತು ಜನಕ್ಕೆ ಅಡುಗೆ ಮಾಡಬೇಕಾಗಿ ಬಂದೀತು, ಬಾ ಇಲ್ಲಿ, ಎಂದು ಡಾನ್‌ನ ಬಂಟ, ದಪ್ಪ ಹೊಟ್ಟೆಯ ಕ್ಲೆಮೆಂಝಾ, ಡಾನ್‌ನ ಮಗ ಮೈಕಲ್‌ನನ್ನು ಒಲೆಯ ಬಳಿ ಕರೆಯುತ್ತಾನೆ. ಸ್ವಲ್ಪ ಎಣ್ಣೆ, ಬೆಳ್ಳುಳ್ಳಿ, ಟೊಮೆಟೊ, ಟೊಮೆಟೊ ಪೇಸ್ಟು, ತಳ ಹಿಡಿಯದ ಹಾಗೆ ಹುರಿಯುವುದು, ಕುದಿ ಬಂದಮೇಲೆ ಸಾಸೇಜು ಮತ್ತು ಮಾಂಸದುಂಡೆ, ಒಂದಿಷ್ಟು ವೈನು, ಕೊನೆಗೆ ಚೂರು ಸಕ್ಕರೆ. ಸಿನಿಮಾ ಮಕಾಡೆ ಮಲಗಿದರೂ ನೋಡಿದವರು ಸಾಸ್ ಮಾಡುವುದನ್ನಾದರೂ ಕಲಿತಿರಲಿ ಎಂದು ಇದನ್ನು ಸೇರಿಸಿದ್ದಾಗಿ ಕೊಪೊಲಾ ಹೇಳಿಕೊಂಡಿದ್ದಾನೆ. ಚಿತ್ರಕಥೆಯಲ್ಲಿ ಅವನು ಸಾಸೇಜನ್ನು "ಬ್ರೌನ್" ಮಾಡುವುದು ಎಂದು ಬರೆದಿದ್ದನಂತೆ. ಗ್ಯಾಂಗ್‌ಸ್ಟರ್‌ಗಳು ಬ್ರೌನ್ ಮಾಡುವುದಿಲ್ಲ, ಫ್ರೈ ಮಾಡುತ್ತಾರೆ ಎಂದು ಪೂಜೊ ತಿದ್ದಿದ. ಅಡುಗೆ ಬಲ್ಲವರು ಇಲ್ಲೂ ಎರಡು ಕೊಂಕು ತೆಗೆಯುತ್ತಾರೆ. ಪೇಸ್ಟನ್ನು ಟೊಮೆಟೊ ಹಾಕುವ ಮೊದಲೇ ಎಣ್ಣೆಯಲ್ಲಿ ಎರಡು ಮೂರು ನಿಮಿಷ ಇಟ್ಟಿಗೆ ಬಣ್ಣ ಬರುವವರೆಗೆ ಹುರಿಯಬೇಕು, ನೀರಿರುವ ಟೊಮೆಟೊ ಜೊತೆ ಹಾಕಿದರೆ ಅದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ, ಹಸಿ ವಾಸನೆ ಉಳಿಯುತ್ತದೆ. ಇನ್ನು ಮಾಂಸವನ್ನು ಮೊದಲೇ ಅದೇ ಪಾತ್ರೆಯಲ್ಲಿ ಕೆಂಪಗೆ ಹುರಿದು ತೆಗೆದಿಟ್ಟರೆ ತಳದಲ್ಲಿ ಹತ್ತಿದ ಕರಕಲೇ ಸಾಸಿನ ಅರ್ಧ ರುಚಿ. ಸಕ್ಕರೆಯ ಬಗ್ಗೆ ಮನೆಮನೆಗೂ ಜಗಳ, ಬೇಳೆಸಾರಿಗೆ ಬೆಲ್ಲ ಹಾಕುವ ವಿಚಾರದಲ್ಲಿ ನಮ್ಮಲ್ಲಿ ಆಗುವ ಹಾಗೆ.

ನ್ಯೂಜೆರ್ಸಿ, ಫಿಲಡೆಲ್ಫಿಯಾ, ಬ್ರೂಕ್ಲಿನ್ ಕಡೆ ಅನೇಕ ಮನೆಗಳಲ್ಲಿ ಇದಕ್ಕೆ ಸಾಸ್ ಅಂದರೆ ಸಿಟ್ಟಾಗುತ್ತಾರೆ, ಅದು "ಗ್ರೇವಿ". ಭಾನುವಾರ ಚರ್ಚಿಗೆ ಹೋಗುವ ಮೊದಲೇ ಒಲೆಗೇರಬೇಕು. ಮೂರು ನಾಲ್ಕು ಗಂಟೆ ಗುಳುಗುಳು ಅನ್ನುತ್ತಿರಬೇಕೇ ಹೊರತು ಕೊತಕೊತ ಕುದಿಯಬಾರದು. ಮಧ್ಯಾಹ್ನದ ಊಟದಲ್ಲಿ ಮೊದಲು ಸಾಸ್ ಹಾಕಿದ ಪಾಸ್ತಾ, ಮಾಂಸ ಬೇರೆ ತಟ್ಟೆಯಲ್ಲಿ ಆಮೇಲೆ. ಸ್ಪಗೆಟಿಯ ಗುಡ್ಡದ ಮೇಲೆ ಕಿತ್ತಳೆ ಗಾತ್ರದ ಮಾಂಸದುಂಡೆ ಕೂರಿಸುವುದು ಅಮೆರಿಕದಲ್ಲಿ ಹುಟ್ಟಿದ ರೂಢಿ. ದಕ್ಷಿಣ ಇಟಲಿಯ ಬಡ ಹಳ್ಳಿಗಳಲ್ಲಿ ಮಾಂಸ ಹಬ್ಬಕ್ಕಷ್ಟೇ. ಉಂಡೆಯೂ ಪುಟ್ಟದು, ಅದರಲ್ಲಿ ಹಳಸಿದ ಬ್ರೆಡ್ಡೇ ಹೆಚ್ಚು. ಕೂಲಿ ದುಡ್ಡಿಗೆ ಮಾಂಸ ಸಿಗುವ ದೇಶಕ್ಕೆ ಬಂದಮೇಲೆ ಉಂಡೆ ಬೆಳೆಯಿತು. ಈಗಲೂ ಅರ್ಧ ಕೆ.ಜಿ. ಕೈಮಾಕ್ಕೆ (ದನ, ಹಂದಿ, ಕರು ಮೂರೂ ಬೆರೆಸಿದ್ದು, ರುಚಿ ಕೊಡುವುದು ಹಂದಿ) ನೂರು ಗ್ರಾಂನಷ್ಟು ನೆನೆಸಿ ಹಿಂಡಿದ ಬ್ರೆಡ್ಡು, ಒಂದು ಮೊಟ್ಟೆ, ಒಂದು ಹಿಡಿ ತುರಿದ ಪೆಕೊರಿನೊ ಚೀಸು ಎಂಬುದು ಸುಮಾರಾದ ಅಳತೆ. ಬ್ರೆಡ್ಡು ಬಿಟ್ಟರೆ ಉಂಡೆ ಗೋಲಿಯ ಹಾಗೆ ಗಟ್ಟಿ. ನೀರು ಹಿಡಿದಿಟ್ಟುಕೊಳ್ಳುವುದೂ ಮಾಂಸ ಬಿಗಿಯದಂತೆ ತಡೆಯುವುದೂ ಅದೇ. ಬಡತನ ಕಲಿಸಿದ ಉಪಾಯ ಶ್ರೀಮಂತಿಕೆಯಲ್ಲೂ ಕೈಬಿಡಲಿಲ್ಲ.

ಇಷ್ಟೆಲ್ಲ ನಿಖರವಾಗಿ ತೆರೆಗೆ ಬಂದದ್ದು ಹೇಗೆ? ಮಾಡಿದವರು ಮನೆಮಕ್ಕಳಾದ್ದರಿಂದ. 'ಗಾಡ್‌ಫಾದರ್'ನಲ್ಲಿ ಗ್ಯಾಂಗಿನವರು ಅಡಗಿ ಕೂತ ದೃಶ್ಯಗಳಲ್ಲಿ ಪಿಯಾನೊ ನುಡಿಸುತ್ತಿರುವವನು ಕೊಪೊಲಾನ ಅಪ್ಪ ಕಾರ್ಮೈನ್. ಪೂಜೊಗೆ ಡಾನ್ ಕಾರ್ಲಿಯೋನೆಯ ಮಾತಿನ ಧಾಟಿ ಸಿಕ್ಕಿದ್ದು ಯಾವ ಡಾನ್‌ನಿಂದಲೂ ಅಲ್ಲ, ಅವನ ಅಮ್ಮನಿಂದ. ನಿಜವಾದ ಗ್ಯಾಂಗ್‌ಸ್ಟರ್ ಒಬ್ಬನನ್ನೂ ಕಾಣದೆ ಕಾದಂಬರಿ ಬರೆದೆ ಎಂದು ಅವನೇ ಒಪ್ಪಿಕೊಂಡಿದ್ದ. 'ಗುಡ್‌ಫೆಲಾಸ್'ನಲ್ಲಿ ನಡುರಾತ್ರಿ ಬಂದ ಮೂವರಿಗೆ ಎದ್ದು ಬಡಿಸುವ ಟಾಮಿಯ ತಾಯಿ, ಸ್ವತಃ ನಿರ್ದೇಶಕನ ತಾಯಿ ಕ್ಯಾಥರೀನ್ ಸ್ಕಾರ್ಸೆಸಿ. ಅವಳು ತೋರಿಸುವ ನಾಯಿಗಳ ಚಿತ್ರ ಬರೆದದ್ದು ಚಿತ್ರಕಥೆಗಾರ ನಿಕೊಲಸ್ ಪಿಲೆಜಿಯ ತಾಯಿ. ಆ ಮೇಜಿನ ಸುತ್ತಲಿನ ಮಾತು ಬಹುಪಾಲು ಅಲ್ಲೇ ಹುಟ್ಟಿದ್ದು. ಯಾಕಪ್ಪಾ ಇನ್ನೂ ಒಳ್ಳೇ ಹುಡುಗಿಯನ್ನು ನೋಡಿಕೊಳ್ಳಲಿಲ್ಲ ಎಂದು ಮಗನನ್ನು ಕೆಣಕುತ್ತಾಳೆ, ತಿನ್ನಿ ತಿನ್ನಿ ಎಂದು ಉಪಚರಿಸುತ್ತಾಳೆ. ಹೊರಗೆ ಕಾರಿನ ಡಿಕ್ಕಿಯಲ್ಲಿ ಇನ್ನೂ ಪೂರ್ತಿ ಸಾಯದ ಒಬ್ಬ ಮನುಷ್ಯನಿದ್ದಾನೆ. ಅಡುಗೆಮನೆ ನೂರಕ್ಕೆ ನೂರು ನಿಜ. ಎಲ್ಲ ಅಡುಗೆಮನೆಗಳ ಹೊರಗೂ ಅಂಥದ್ದೊಂದು ಡಿಕ್ಕಿ ಇದೆ ಎಂದು ಲೋಕ ನಂಬಿದ್ದು ಮಾತ್ರ ಆ ನಿಜದ ಬಲದಿಂದ.

ಗಾಬಗೂಲ್

ಭಾಷೆಯದೂ ಇದೇ ಕತೆ. ನ್ಯೂಜೆರ್ಸಿಯ ಗ್ಯಾಂಗ್‌ಸ್ಟರ್‌ಗಳ ಕತೆಯಾದ 'ದಿ ಸೊಪ್ರಾನೋಸ್' (1999–2007) ಧಾರಾವಾಹಿ ನೋಡಿ ಎಲ್ಲರೂ ಅಣಕಿಸುವ ಪದ "ಗಾಬಗೂಲ್". ಇದು ಕಪೊಕೊಲ್ಲೊ, ಹಂದಿಯ ಕತ್ತಿನ ಭಾಗವನ್ನು ಉಪ್ಪುಹಾಕಿ ಒಣಗಿಸಿದ ಮಾಂಸ. ತಪ್ಪು ಉಚ್ಚಾರ ಎಂದು ನಗುವವರಿಗೆ ಅದರ ಒಳಗಿನ ವ್ಯಾಕರಣ ಗೊತ್ತಿಲ್ಲ. ನೇಪಲ್ಸ್ ಸೀಮೆಯ ಆಡುನುಡಿಯಲ್ಲಿ ಪದದ ಕೊನೆಯ ಸ್ವರ ಕೇಳಿಸೀ ಕೇಳಿಸದಂತೆ ಕುಗ್ಗುತ್ತದೆ, ಅಮೆರಿಕದಲ್ಲಿ ಅದು ಪೂರ್ತಿ ಬಿದ್ದೇಹೋಯಿತು. ಕಕಾರ ಗಕಾರವಾಗುತ್ತದೆ, ಪಕಾರ ಬಕಾರವಾಗುತ್ತದೆ. ಹಾಗೆ ರಿಕೊಟಾ "ರಿಗಾಟ್" ಆಯಿತು, ಮನಿಕೊಟಿ "ಮನಗಾಟ್", ಮೊಟ್ಸರೆಲ್ಲಾ "ಮುಟ್ಸದೆಲ್", ಪಾಸ್ತಾ ಎ ಫಜೋಲಿ "ಪಾಸ್ತಾ ಫಜೂಲ್". ನಾವು ಬಸ್ಸು, ಕಾರು ಎಂದು ಎಲ್ಲದಕ್ಕೂ ಒಂದು ಉಕಾರ ಅಂಟಿಸುವ ಜನ; ಇವರು ಇದ್ದ ಸ್ವರವನ್ನೇ ನುಂಗುವವರು.

1880ರಿಂದ 1924ರವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಬಂದರು. ಹೆಚ್ಚಿನವರು ಕಂಪಾನಿಯಾ, ಕಲಾಬ್ರಿಯಾ, ಸಿಸಿಲಿ, ಬಸಿಲಿಕಾಟಾದಂಥ ದಕ್ಷಿಣದವರು. ಇಟಲಿ ಒಂದು ದೇಶವೆಂದು ಘೋಷಣೆಯಾದದ್ದೇ 1861ರಲ್ಲಿ. ಶಾಲೆಯ ಇಟಾಲಿಯನ್ ಇವರಿಗೆ ಪರಭಾಷೆಯಷ್ಟೇ ದೂರ. 1924ರ ವಲಸೆ ಕಾಯಿದೆ ಇಟಲಿಯ ಪಾಲನ್ನು ವರ್ಷಕ್ಕೆ 3,845ಕ್ಕೆ ಇಳಿಸಿದ ಮೇಲೆ ಹೊಸ ನೀರು ಹರಿಯುವುದು ನಿಂತಿತು. ಆ ಕಡೆ ಇಟಲಿಯಲ್ಲಿ ರೇಡಿಯೊ, ಟೀವಿ ಬಂದು ಎಲ್ಲರೂ ಒಂದೇ ತೆರನ ಭಾಷೆಗೆ ಹೊಂದಿಕೊಂಡರೆ, ಈ ಕಡೆ ನ್ಯೂಜೆರ್ಸಿಯಲ್ಲಿ ಅಜ್ಜಿಯ ಊರಿನ ಮಾತು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲೇ ಉಳಿಯಿತು. ಸಂಕೇತಿಗಳ ಮನೆಮಾತು ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಎರಡನೇ ಮಹಾಯುದ್ಧದಲ್ಲಿ ಪೌರತ್ವ ಪಡೆಯದಿದ್ದ ಸುಮಾರು 6 ಲಕ್ಷ ಇಟಾಲಿಯನ್ನರು "ಶತ್ರು ದೇಶದವರು" ಎಂದು ಪಟ್ಟಿಯಾದರು; ಬೇಸ್‌ಬಾಲ್ ತಾರೆ ಜೋ ಡಿಮಾಜಿಯೊನ ಅಪ್ಪ, ಮೀನುಗಾರ, ಸ್ಯಾನ್‌ಫ್ರಾನ್ಸಿಸ್ಕೊದ ಮೀನುಗಟ್ಟೆಗೇ ಹೋಗುವಂತಿರಲಿಲ್ಲ. ಶತ್ರುವಿನ ಭಾಷೆ ಆಡಬೇಡಿ ಎಂದು ಗೋಡೆಗೋಡೆಗೆ ಪೋಸ್ಟರು. ಭಾಷೆ ಹೋಯಿತು, ತಿಂಡಿಯ ಹೆಸರು, ಬೈಗುಳ ಉಳಿದವು.

ಸೊಪ್ರಾನೋಸ್ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಎರಡನೇ ಸೀಸನ್ನಿನಲ್ಲಿ ಈ ಮಂದಿ ನೇಪಲ್ಸಿಗೆ ಹೋಗುವ ಒಂದು ಕಂತಿದೆ. ದೊಡ್ಡ ಊಟದ ಮೇಜಿನಲ್ಲಿ ಕಪ್ಪು ಪಾಸ್ತಾ ನೋಡಿ ಮುಖ ಸಿಂಡರಿಸಿದ ಪೌಲಿ (ಇವನು ಬೇರೆ ಪೌಲಿ) ಮಕರೋನಿ ಮತ್ತು ಗ್ರೇವಿ ಕೇಳುತ್ತಾನೆ. ಬಡಿಸುವವನಿಗೆ ತಲೆಬುಡ ಅರ್ಥವಾಗುವುದಿಲ್ಲ. ಪಕ್ಕದಲ್ಲಿದ್ದ ಸ್ಥಳೀಯನೊಬ್ಬ ಇವನು ಟೊಮೆಟೊ ಸಾಸ್ ಕೇಳುತ್ತಿದ್ದಾನೆಂದು ವಿವರಿಸಿ, ತಮ್ಮ ಭಾಷೆಯಲ್ಲೇ ಇವರ ಅನಾಗರಿಕತೆಯನ್ನು ಹೀಯಾಳಿಸುತ್ತಾನೆ. ಜೀವಮಾನವಿಡೀ ಇಟಾಲಿಯನ್ ಎಂದು ಎದೆ ತಟ್ಟಿಕೊಂಡವನು ಇಟಲಿಯಲ್ಲಿ ಪರದೇಶಿ. ಈ ಜನರ ಬಗ್ಗೆ ಬಂದ ಅತ್ಯಂತ ಪ್ರಾಮಾಣಿಕ ದೃಶ್ಯ ಯಾವುದೆಂದು ಕೇಳಿದರೆ ನನ್ನ ಮತ ಇದಕ್ಕೆ.

ಪೊಟ್ಟಣ ಹಾರುವ ಮದುವೆ

'ಗಾಡ್‌ಫಾದರ್' ಶುರುವಾಗುವ ಮದುವೆಯಲ್ಲಿ ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಒಂದು ಕ್ಷಣವಿದೆ: ಯಾರೋ ಗಾಬಗೂಲ್ ಎಂದು ಕೂಗುತ್ತಾರೆ, ಜನರ ತಲೆಯ ಮೇಲಿಂದ ಕಾಗದ ಸುತ್ತಿದ ಸ್ಯಾಂಡ್‌ವಿಚ್ ಹಾರಿಬರುತ್ತದೆ. ಇದು ನಿರ್ದೇಶಕನ ತಮಾಷೆಯಲ್ಲ. ಚರ್ಚಿನ ನೆಲಮಾಳಿಗೆಯಲ್ಲೋ ಬಾಡಿಗೆ ಹಾಲಿನಲ್ಲೋ ನಡೆಯುತ್ತಿದ್ದ ಇಂಥ ಮದುವೆಗಳಿಗೆ "ಫುಟ್‌ಬಾಲ್ ಮದುವೆ" ಎಂದೇ ಹೆಸರು. ಮೇಣದ ಕಾಗದದಲ್ಲಿ ಸುತ್ತಿದ ಸ್ಯಾಂಡ್‌ವಿಚ್ಚುಗಳ ರಾಶಿ, ಬಿಯರ್ ಪೀಪಾಯಿ, ತಟ್ಟೆ ತುಂಬ ಮನೆಯಲ್ಲಿ ಮಾಡಿದ ಬಿಸ್ಕತ್ತು. ಯಾರಿಗೆ ಯಾವುದು ಬೇಕೋ ಕೂಗಿದರೆ ಅಮೆರಿಕನ್ ಫುಟ್‌ಬಾಲಿನ ಚೆಂಡಿನ ಹಾಗೆ ಎಸೆಯುವುದು. ಬಡಿಸುವವರಿಗೆ ಕೂಲಿ ಕೊಡಲು ದುಡ್ಡಿಲ್ಲದವರ ಏರ್ಪಾಡು.

ಮದುಮಗಳು ಕೊನಿಯ ಕೈಯಲ್ಲಿರುವ ರೇಷ್ಮೆ ಚೀಲವೂ ಹಾಗೇ. ಮುಯ್ಯಿ ಲಕೋಟೆಗೆ "ಬುಸ್ತಾ" ಅನ್ನುತ್ತಾರೆ, ಅದರಿಂದಲೇ ಹಾಲಿನ ಬಾಡಿಗೆ ತೀರಬೇಕು, ಉಳಿದದ್ದರಲ್ಲಿ ಮಂಚ ಪಾತ್ರೆ. ಸಿನಿಮಾದಲ್ಲಿ ಆ ಚೀಲ ನೋಡಿ ಇಪ್ಪತ್ತು ಮೂವತ್ತು ಸಾವಿರ ಡಾಲರ್ ಇರಬಹುದೆಂದು ಒಬ್ಬ ಬಾಯಲ್ಲಿ ನೀರು ಸುರಿಸುತ್ತಾನೆ. 1945ರ ಮಾತು. ಮುಯ್ಯಿ ಪದ್ಧತಿ ನಿಜ, ಮೊತ್ತ ಮಾತ್ರ ಡಾನ್ ಮನೆಯದು.

ಐದು ಸಾವಿರಕ್ಕೆ ಒಬ್ಬ

ಈಗ ದೊಡ್ಡ ಲೆಕ್ಕಕ್ಕೆ ಬರೋಣ. ಇಟಾಲಿಯನ್ ಮೂಲದವರೆಂದು ಹೇಳಿಕೊಳ್ಳುವ ಅಮೆರಿಕನ್ನರು ಒಂದೂವರೆ ಕೋಟಿಗೂ ಹೆಚ್ಚು. ಇಟಾಲಿಯನ್ ಮಾಫಿಯಾ ಗುಂಪುಗಳ ಸದಸ್ಯರು ಮತ್ತು ಅವರ ಜೊತೆಗಾರರು ಎಲ್ಲ ಸೇರಿ ಮೂರು ಸಾವಿರಕ್ಕೂ ಮೇಲೆ ಎನ್ನುವುದು ಎಫ್‌ಬಿಐ ಕೊಟ್ಟಿದ್ದ ಅಂದಾಜು. ಎಂದರೆ ಹೆಚ್ಚೂಕಡಿಮೆ ಐದು ಸಾವಿರಕ್ಕೆ ಒಬ್ಬ. ಸಿನಿಮಾಗಳಲ್ಲಿ ಆ ಒಬ್ಬನಿಗೆ ನಾಯಕನ ಪಾತ್ರ, ಉಳಿದ 4,999 ಮಂದಿ ಅವನ ಮಗಳ ಮದುವೆಯಲ್ಲಿ ಕುಣಿಯುವವರು.

ಈ ಅಂಟು ಸಿನಿಮಾಕ್ಕಿಂತ ಹಳೆಯದು. 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸಿನ ಜೈಲಿಗೆ ನುಗ್ಗಿದ ಜನ 11 ಇಟಾಲಿಯನ್ನರನ್ನು ಕೊಂದುಹಾಕಿದರು. ಪೊಲೀಸ್ ಮುಖ್ಯಸ್ಥನ ಕೊಲೆಯ ಆರೋಪ, ಕೋರ್ಟು ಒಬ್ಬನನ್ನೂ ತಪ್ಪಿತಸ್ಥ ಎಂದಿರಲಿಲ್ಲ. "ಮಾಫಿಯಾ" ಎಂಬ ಪದ ಅಮೆರಿಕದ ಪತ್ರಿಕೆಗಳಲ್ಲಿ ಮನೆಮಾತಾದದ್ದು ಆ ದಿನಗಳಲ್ಲಿ. ನಗರ ಕ್ಷಮೆ ಕೇಳಿದ್ದು 2019ರಲ್ಲಿ. ಆಮೇಲೆ ಪಾನನಿಷೇಧದ ಕಾಲ, ಅಲ್ ಕಪೋನ್, ಹಾಲಿವುಡ್. ಐರಿಷ್, ಯಹೂದಿ ಗ್ಯಾಂಗುಗಳೂ ಅಷ್ಟೇ ಜೋರಾಗಿದ್ದವು, ಆದರೆ 1931ರ 'ಲಿಟಲ್ ಸೀಸರ್', 1932ರ 'ಸ್ಕಾರ್‌ಫೇಸ್' ಎರಡರಲ್ಲೂ ಖಳನಿಗೆ ಇಟಾಲಿಯನ್ ಹೆಸರು. ಆ ಪಾತ್ರ ಮಾಡಿದ ಎಡ್ವರ್ಡ್ ಜಿ. ರಾಬಿನ್ಸನ್, ಪೌಲ್ ಮುನಿ ಇಬ್ಬರೂ ಪೂರ್ವ ಯೂರೋಪಿನಲ್ಲಿ ಹುಟ್ಟಿದ ಯಹೂದಿಗಳು. ಡಾನ್ ಆದ ಬ್ರಾಂಡೊ ಇಟಾಲಿಯನ್ ಅಲ್ಲ, ಅವನ ಹಿರಿಮಗ ಸನ್ನಿಯಾದ ಜೇಮ್ಸ್ ಕಾನ್ ಅಲ್ಲ. ಡಾನ್ ಮನೆತನಕ್ಕೆ ಹೆಸರು ಕೊಟ್ಟ ಸಿಸಿಲಿಯ ಕಾರ್ಲಿಯೋನೆ ಊರಿನ ನಂಟಿದ್ದವನು ಮೈಕಲ್ ಆದ ಅಲ್ ಪಸೀನೊ, ಅದು ಅವನ ತಾಯಿಯ ತಂದೆತಾಯಿಯರ ಊರು.

ಅವಮಾನವಾಯಿತು ಎಂದು ಬೀದಿಗಿಳಿದವರ ಮುಂದಾಳು ಯಾರೆಂದು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. 1970ರಲ್ಲಿ ಇಟಾಲಿಯನ್-ಅಮೆರಿಕನ್ ನಾಗರಿಕ ಹಕ್ಕುಗಳ ಲೀಗ್ ಕಟ್ಟಿದವನು ಜೋ ಕೊಲಂಬೊ, ನ್ಯೂಯಾರ್ಕಿನ ಐದು ಮಾಫಿಯಾ ಕುಟುಂಬಗಳಲ್ಲೊಂದರ ಯಜಮಾನ. 'ಗಾಡ್‌ಫಾದರ್' ಶೂಟಿಂಗಿಗೆ ಲೀಗ್ ಅಡ್ಡಿ ಮಾಡಿತು. ನಿರ್ಮಾಪಕ ಆಲ್ ರಡ್ಡಿ "ಮಾಫಿಯಾ" ಪದ ತೆಗೆಯಲು ಒಪ್ಪಿಕೊಂಡ. ಚಿತ್ರಕಥೆಯಲ್ಲಿ ಆ ಪದ ಇದ್ದದ್ದೇ ಅಪರೂಪಕ್ಕೆ, ಹಾಗಾಗಿ ಅವನದೇನೂ ಹೋಗಲಿಲ್ಲ. 1971ರ ಜೂನ್ 28ರಂದು ಕೊಲಂಬಸ್ ಸರ್ಕಲ್ಲಿನ ಲೀಗ್ ಸಭೆಯಲ್ಲೇ ಕೊಲಂಬೊನ ತಲೆಗೆ ಗುಂಡು ಬಿತ್ತು. ಏಳು ವರ್ಷ ಹಾಸಿಗೆ ಹಿಡಿದು ಸತ್ತ. ಆ ಸಭೆಗೆ ಸಾವಿರಾರು ಸಾಮಾನ್ಯರು ಬಂದಿದ್ದರು. ಅವರ ನೋವು ಸುಳ್ಳಲ್ಲ, ಮೈಕು ಹಿಡಿದವನದು ಮಾತ್ರ ಬೇರೆ ಲೆಕ್ಕ.

ಗ್ಯಾಂಗ್‌ಸ್ಟರ್‌ಗಳಿಗೋ ಸಿನಿಮಾ ತುಂಬ ಹಿಡಿಸಿತು. ತಮ್ಮನ್ನು ರಾಜಮನೆತನದವರ ಹಾಗೆ ತೋರಿಸಿದರೆ ಯಾರಿಗೆ ಬೇಡ? 1999ರಲ್ಲಿ ಎಫ್‌ಬಿಐ ಕದ್ದು ಕೇಳಿದ ಮಾತುಕತೆಯಲ್ಲಿ ನ್ಯೂಜೆರ್ಸಿಯ ಡಿಕವಲ್ಕಾಂಟೆ ಕುಟುಂಬದವರು ಹೊಸದಾಗಿ ಶುರುವಾಗಿದ್ದ ಸೊಪ್ರಾನೋಸ್ ಬಗ್ಗೆ ಚರ್ಚಿಸುತ್ತಿದ್ದರು, ಇದು ನಮ್ಮದೇ ಕತೆಯೇನೋ ಎಂದು. ಅವರನ್ನು ಹಿಡಿದವರಲ್ಲೂ ಇಟಾಲಿಯನ್ನರಿದ್ದರು ಎಂಬುದು ಪೋಸ್ಟರಿಗೆ ಬರುವುದಿಲ್ಲ. ಇಟಲಿಯ ಪಡೂಲಾದಲ್ಲಿ ಹುಟ್ಟಿದ ನ್ಯೂಯಾರ್ಕ್ ಪೊಲೀಸ್ ಜೋ ಪೆಟ್ರೊಸಿನೊ ಇದೇ ತನಿಖೆಗೆಂದು ಹೋಗಿ 1909ರಲ್ಲಿ ಸಿಸಿಲಿಯ ಪಲೆರ್ಮೊದಲ್ಲಿ ಗುಂಡಿಗೆ ಬಲಿಯಾದ.

ಗಾರೆ, ಕೊಳಾಯಿ, ಹೊಲಿಗೆ

ಹಾಗಾದರೆ ಆ 4,999 ಮಂದಿ ಏನು ಮಾಡುತ್ತಿದ್ದರು? ಸುರಂಗ ಅಗೆದರು, ಇಟ್ಟಿಗೆ ಕಟ್ಟಿದರು, ಬಟ್ಟೆ ಹೊಲಿದರು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯ ಬೆಂಕಿಯಲ್ಲಿ ಸತ್ತ 146 ಜನರಲ್ಲಿ ಬಹುಪಾಲು ಯಹೂದಿ ಮತ್ತು ಇಟಾಲಿಯನ್ ಹೆಣ್ಣುಮಕ್ಕಳು. ವರ್ಮಾಂಟಿನ ಬ್ಯಾರಿ ಊರಲ್ಲಿ ಗ್ರಾನೈಟ್ ಕೆತ್ತಲು ಇಟಲಿಯ ಕರಾರಾದಿಂದ ಬಂದ ಶಿಲ್ಪಿಗಳ ಪುಪ್ಪುಸಕ್ಕೆ ಕಲ್ಲಿನ ದೂಳು ತುಂಬಿತು. ಪಿಯೆತ್ರೊ ಡಿ ಡೊನಾಟೊ ಎಂಬ ಗಾರೆ ಕೆಲಸದವನ ಅಪ್ಪ 1923ರ ಗುಡ್ ಫ್ರೈಡೆ ದಿನ ಕಟ್ಟಡ ಕುಸಿದು ಸತ್ತ. ಮಗ 1939ರಲ್ಲಿ ಅದನ್ನೇ ಕಾದಂಬರಿ ಮಾಡಿದ. ಅದು 1949ರಲ್ಲಿ ಸಿನಿಮಾ ಕೂಡ ಆಯಿತು. ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್ ಹಾಲಿವುಡ್ಡಿನ ಕಪ್ಪುಪಟ್ಟಿಯಲ್ಲಿದ್ದುದರಿಂದ ನ್ಯೂಯಾರ್ಕಿನ ಗಾರೆಯವರ ಕತೆಯನ್ನು ಇಂಗ್ಲೆಂಡಿನಲ್ಲಿ ಚಿತ್ರಿಸಬೇಕಾಯಿತು. ಯಾರು ನೋಡಿದ್ದಾರೆ ಅದನ್ನು?

ದುಡಿಯುವವರು ಬರುವ ಸಿನಿಮಾ ಇಲ್ಲವೆಂದಲ್ಲ. 1955ರ 'ಮಾರ್ಟಿ'ಯಲ್ಲಿ ಬ್ರಾಂಕ್ಸಿನ ಕಸಾಯಿ ಅಂಗಡಿಯವನಿದ್ದಾನೆ, 1993ರ 'ಎ ಬ್ರಾಂಕ್ಸ್ ಟೇಲ್'ನಲ್ಲಿ ಬಸ್ ಡ್ರೈವರ್ ಇದ್ದಾನೆ. ನನಗೆ ಎಲ್ಲರಿಗಿಂತ ಇಷ್ಟ 'ಮೂನ್‌ಸ್ಟ್ರಕ್' (1987) ಚಿತ್ರದ ಕೊಳಾಯಿ ಕಂಟ್ರಾಕ್ಟರ್ ಕಾಸ್ಮೊ. ಮನೆ ತೋರಿಸಲು ಕರೆದ ದಂಪತಿಗೆ ಅವನು ಗಂಭೀರವಾಗಿ ಪೈಪಿನ ಪುರಾಣ ಹೇಳುತ್ತಾನೆ: ಪೈಪಿನಲ್ಲಿ ಮೂರು ಬಗೆ, ಈಗ ನಿಮ್ಮ ಮನೆಯಲ್ಲಿರುವುದು ಕಸ, ಕಂಚು ಪರವಾಗಿಲ್ಲ, ಏನಾದರೂ ಕೆಡುವವರೆಗೆ, ಮತ್ತು ಏನಾದರೊಂದು ಕೆಟ್ಟೇ ಕೆಡುತ್ತದೆ, ಮೂರನೆಯದು ತಾಮ್ರ, ನಾನು ಹಾಕುವುದು ಅದೊಂದೇ. ದುಡ್ಡು ಜಾಸ್ತಿ, ಯಾಕೆಂದರೆ ದುಡ್ಡು ಉಳಿಸುತ್ತದೆ. ಮೋಸಗಾರನ ಮಾತಿನ ಹಾಗೆ ಕೇಳಿಸುತ್ತದೆ, ಆದರೆ ತಪ್ಪಿಲ್ಲ. ಹಳೇ ಬ್ರೂಕ್ಲಿನ್ ಮನೆಗಳ ಕಬ್ಬಿಣದ ಪೈಪಿಗೆ ಒಳಗಿನಿಂದ ತುಕ್ಕು ಕಟ್ಟಿ ರಂಧ್ರ ಕಿರಿದಾಗುತ್ತ ಬರುತ್ತದೆ, ಮೇಲಿನ ಮಹಡಿಗೆ ನೀರು ಏರುವುದಿಲ್ಲ. ತಾಮ್ರ ಸರಿಯಾಗಿ ಬೆಸೆದರೆ ಐವತ್ತು ವರ್ಷಕ್ಕೆ ಮೋಸವಿಲ್ಲ. ಸ್ವಾರಸ್ಯವೆಂದರೆ ಇದನ್ನು ಬರೆದ ಜಾನ್ ಪ್ಯಾಟ್ರಿಕ್ ಶ್ಯಾನ್ಲಿ ಐರಿಷ್ ಮೂಲದವನು, ನಿರ್ದೇಶಕ ನಾರ್ಮನ್ ಜ್ಯೂಯಿಸನ್ ಕೆನಡಾದವನು, ನಾಯಕಿ ಶೇರ್ ಅರ್ಮೇನಿಯನ್ ತಂದೆಯ ಮಗಳು, ಅವಳ ತಾಯಿಯಾದ ಒಲಿಂಪಿಯಾ ಡುಕಾಕಿಸ್ ಗ್ರೀಕ್. ಹೊರಗಿನವರು ಬರೆದು ನಿರ್ದೇಶಿಸಿದ ಚಿತ್ರದಲ್ಲಿ ಒಂದೇ ಒಂದು ಕೊಲೆಯಿಲ್ಲ. ಒಳಗಿನವರಿಗೆ ಅಡುಗೆಮನೆ ಗೊತ್ತಿತ್ತು, ಆದರೆ ಟಿಕೆಟ್ ಮಾರಲು ಬಂದೂಕು ಬೇಕಾಯಿತು.

ಒಳಗಿನವನೊಬ್ಬ ಬಂದೂಕಿಲ್ಲದೆ ಮಾಡಿದ್ದೂ ಇದೆ. ಸ್ಟ್ಯಾನ್ಲಿ ಟೂಚಿ, ಕ್ಯಾಂಪ್‌ಬೆಲ್ ಸ್ಕಾಟ್ ಜೊತೆಗೂಡಿ ಮಾಡಿದ 'ಬಿಗ್ ನೈಟ್' (1996). ನ್ಯೂಜೆರ್ಸಿಯ ಕಡಲ ತೀರ, 1950ರ ದಶಕ, ಪ್ರಿಮೊ ಮತ್ತು ಸೆಕೊಂಡೊ ಎಂಬ ಅಣ್ಣತಮ್ಮಂದಿರ ಮುಳುಗುತ್ತಿರುವ ಹೋಟೆಲು. ಗಿರಾಕಿ ರಿಸೊಟೊ ಜೊತೆಗೆ ಸ್ಪಗೆಟಿ ಕೇಳುತ್ತಾಳೆ, ಅದರ ಮೇಲೆ ಮಾಂಸದುಂಡೆ ಯಾಕಿಲ್ಲ ಅನ್ನುತ್ತಾಳೆ. ಅನ್ನದ ಜೊತೆ ಸೇವಿಗೆ ಉಣ್ಣುವುದುಂಟೇ ಎಂದು ಒಳಗೆ ಅಣ್ಣ ಕೆಂಡಾಮಂಡಲ, ಗಿರಾಕಿಯನ್ನು ಬಿಡಲಾಗದ ತಮ್ಮ ಬೆಪ್ಪು. ಕೊನೆಗೆ ಇದ್ದಬದ್ದ ದುಡ್ಡೆಲ್ಲ ಸುರಿದು ಮಾಡಿದ ಔತಣಕ್ಕೆ ಬರಬೇಕಿದ್ದ ದೊಡ್ಡ ಗಾಯಕ ಬರುವುದಿಲ್ಲ. ಅಣ್ಣತಮ್ಮ ಕಡಲ ದಂಡೆಯಲ್ಲಿ ಕೈಕೈ ಮಿಲಾಯಿಸುತ್ತಾರೆ. ಬೆಳಗಾಗುತ್ತದೆ.

ಆಮೇಲಿನ ನಾಲ್ಕೈದು ನಿಮಿಷ ಕ್ಯಾಮೆರಾ ಕತ್ತರಿಯಿಲ್ಲದೆ ನಿಂತೇ ಇರುತ್ತದೆ, ಮಾತೂ ಇಲ್ಲವೆಂಬಷ್ಟು ಕಡಿಮೆ. ತಮ್ಮ ಮೊಟ್ಟೆ ಒಡೆದು ಕಲಸುತ್ತಾನೆ, ಬಾಣಲೆಗೆ ಎಣ್ಣೆ ಬಿಟ್ಟು ಆಮ್ಲೆಟ್ ಹಾಕುತ್ತಾನೆ, ಮೂರು ಪಾಲು ಮಾಡುತ್ತಾನೆ. ಕೆಲಸದ ಹುಡುಗನಿಗೊಂದು, ತನಗೊಂದು. ಮೂರನೆಯದು ಬಾಣಲೆಯಲ್ಲೇ. ಅಣ್ಣ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾನೆ. ತಮ್ಮ ಎದ್ದು ಅದನ್ನು ತಟ್ಟೆಗೆ ಹಾಕಿ ಮುಂದಿಡುತ್ತಾನೆ. ಹುಡುಗ ಮೆಲ್ಲಗೆ ಹೊರಗೆ ಹೋಗುತ್ತಾನೆ. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ತಿನ್ನುತ್ತಾರೆ.